ಸಿಂಹಳರು ಯಾರು?

ಲಂಕೆಯೆಂದೊಡನೆ ಕನ್ನಡ ನಾಡಿನ ಮನೆಗಳಲ್ಲಿ ಮೊದಲು ನೆನಪಿಗೆ ಬರುವುದು ರಾವಣನ ಪಟ್ಟಣ. ಸೇತುಬಂಧ, ಅಶೋಕವನ, ಲಂಕಾದಹನ ಮೊದಲಾದ ಪ್ರಸಂಗಗಳನ್ನು ಹರಿಕಥೆ ಯಕ್ಷಗಾನಗಳಲ್ಲಿ ಕೇಳಿ ಬೆಳೆದವರಿಗೆ, ಆ ದ್ವೀಪದಲ್ಲಿ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬಾಳಿಕೊಂಡು ಬಂದಿರುವ ಜನರ ವಿಷಯದಲ್ಲಿ ತಿಳಿದಿರುವುದು ಬಹು ಸ್ವಲ್ಪ. ಆ ಜನರಾದರೋ ತಮ್ಮ ಚರಿತ್ರೆಯನ್ನು ರಾವಣನಿಂದ ಆರಂಭಿಸುವುದಿಲ್ಲ. ದೀಪವಂಸ, ಮಹಾವಂಸಗಳೆಂಬ ಅವರ ಪ್ರಾಚೀನ ಪಾಳೀ ಗ್ರಂಥಗಳಲ್ಲಿ ದ್ವೀಪದ ಮೊದಲ ನಿವಾಸಿಗಳಾಗಿ ಕಾಣಿಸಿಕೊಳ್ಳುವವರು ಯಕ್ಷರು, ನಾಗರು. ಅರಸರ ಆ ವಂಶಾವಳಿಯಲ್ಲಿ ದಶಕಂಠನಿಗೆ ಸ್ಥಾನವಿಲ್ಲ. ೨೦೧೯ರಲ್ಲಿ ಆ ದೇಶದ ಇಂಜಿನಿಯರುಗಳು ರಚಿಸಿದ ಚಿಕ್ಕ ಉಪಗ್ರಹಕ್ಕೆ ‘ರಾವಣ–೧’ ಎಂದು ಹೆಸರಿಟ್ಟುದು ಈಚಿನವರ ಅಭಿಮಾನವೇ ಹೊರತು ಮಹಾವಂಸದ ಉಪದೇಶವಲ್ಲ.

ಶ್ರೀಲಂಕೆಯ ೨೦೧೨ನೆಯ ಇಸವಿಯ ಜನಗಣತಿಯಂತೆ ದ್ವೀಪದ ಸುಮಾರು ಎರಡು ಕೋಟಿ ಮೂರು ಲಕ್ಷ ಜನರಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಮಂದಿ ಸಿಂಹಳರು. ಇವರಲ್ಲಿ ಬಹುಮಂದಿ ಬೌದ್ಧರು, ಭಾಷೆ ಸಿಂಹಳ. ಉತ್ತರಕ್ಕೂ ಪೂರ್ವಕ್ಕೂ ತಮಿಳರಿದ್ದಾರೆ. ಈ ಎರಡು ಜನಾಂಗಗಳಿಗೆ ೧೯೮೩ರಿಂದ ೨೦೦೯ರ ವರೆಗೆ ನಡೆದ ಘೋರಯುದ್ಧವು ಬಲ್ಲವರಿಗೆಲ್ಲ ತಿಳಿದ ವಿಷಯ. ಆ ಯುದ್ಧಕ್ಕೆ ಭೂಮಿ, ಅಧಿಕಾರ, ಉದ್ಯೋಗ ಮೊದಲಾದ ಕಾರಣಗಳು ಅನೇಕವಿದ್ದರೂ, ಅವುಗಳ ಹಿಂದೆ ಒಂದು ಚರಿತ್ರೆಯ ಪ್ರಶ್ನೆಯೂ ಇದ್ದಿತು: ಸಿಂಹಳರೆಂದರೆ ಯಾರು? ಉತ್ತರದಿಂದ ಬಂದ ಆರ್ಯರ ಶುದ್ಧಸಂತಾನವೆ? ಅಥವಾ ಬೇರೆಬೇರೆ ತೀರಗಳಿಂದ ಬಂದು ಒಂದು ಭಾಷೆಯಲ್ಲಿ ಒಂದಾದವರೆ? ಈ ಪ್ರಶ್ನೆಗೆ ಉತ್ತರವನ್ನು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಸಿಂಹಳರು ಯಾವ ಗ್ರಂಥವನ್ನು ತಮ್ಮ ಹಿರಿಮೆಗೆ ಪ್ರಮಾಣವೆಂದು ಎತ್ತಿ ಹಿಡಿಯುವರೋ ಆ ಗ್ರಂಥದಲ್ಲಿಯೇ ಅದು ಇರುವುದು.

ಮಹಾವಂಸವು ಕ್ರಿ. ಶ. ಐದನೆಯ ಅಥವಾ ಆರನೆಯ ಶತಮಾನದಲ್ಲಿ ಮಹಾನಾಮನೆಂಬ ಭಿಕ್ಷುವಿನಿಂದ ರಚಿತವಾದುದೆಂದು ಪ್ರಸಿದ್ಧಿ. ಅದರಲ್ಲಿ ಬರುವ ಮೂಲಕಥೆ ಹೀಗಿದೆ. ವಂಗದೇಶದ ಅರಸನಿಗೆ ಕಳಿಂಗದ ರಾಜಪುತ್ರಿಯಲ್ಲಿ ಹುಟ್ಟಿದ ಮಗಳು ಕಾಡಿನಲ್ಲಿ ಸಿಂಹವೊಂದರ ವಶಳಾಗಿ ಸಿಂಹಬಾಹುವೆಂಬ ಮಗನನ್ನು ಪಡೆಯುತ್ತಾಳೆ. ಅವನು ಬೆಳೆದು ತಂದೆಯಾದ ಸಿಂಹವನ್ನು ಕೊಂದು ಲಾಳದೇಶದಲ್ಲಿ ಸಿಂಹಪುರವನ್ನು ಕಟ್ಟುತ್ತಾನೆ. ಅವನ ಹಿರಿಯ ಮಗ ವಿಜಯನು ದುರ್ವೃತ್ತ. ಪ್ರಜೆಗಳ ದೂರು ತಾಳಲಾರದೆ ತಂದೆಯು ಅವನನ್ನೂ ಅವನ ಏಳುನೂರು ಮಂದಿ ಸಂಗಡಿಗರನ್ನೂ ಹಡಗು ಹತ್ತಿಸಿ ಕಳುಹಿಸುತ್ತಾನೆ. ಬುದ್ಧನು ಪರಿನಿರ್ವಾಣ ಹೊಂದಿದ ದಿನವೇ ವಿಜಯನು ತಂಬಪಣ್ಣಿಯ ತೀರದಲ್ಲಿ ಇಳಿದನೆಂದು ಗ್ರಂಥಕಾರನ ಮಾತು; ಸಿಂಹಳ ಸಂಪ್ರದಾಯದ ಗಣನೆಯಂತೆ ಅದು ಕ್ರಿ. ಪೂ. ೫೪೩. ಅಲ್ಲಿ ಕುವೇಣಿಯೆಂಬ ಯಕ್ಷಿಣಿಯು ಅವನಿಗೆ ಒಲಿದು, ತನ್ನ ಕುಲದವರನ್ನೇ ಅವನ ಕೈಗೆ ಒಪ್ಪಿಸುತ್ತಾಳೆ. ಇಬ್ಬರು ಮಕ್ಕಳನ್ನೂ ಹೆರುತ್ತಾಳೆ. ಪಟ್ಟಾಭಿಷೇಕ ಮಾಡಿಸಿಕೊಳ್ಳಬೇಕೆಂದು ಮಂತ್ರಿಗಳು ಬೇಡಲು, ಕ್ಷತ್ರಿಯ ಕನ್ಯೆಯಿಲ್ಲದೆ ಅದಾಗದೆಂದು ವಿಜಯನು ಹಟ ಹಿಡಿದು, ಅವಳನ್ನು ಮನೆಯಿಂದ ಹೊರಡಿಸುತ್ತಾನೆ. ತನ್ನವರಿಂದಲೇ ಹತಳಾದ ಆಕೆಯ ಮಕ್ಕಳು ಮಲೆನಾಡಿಗೆ ಓಡಿಹೋಗಿ ಪುಳಿಂದರ ಮೂಲಪುರುಷರಾಗುತ್ತಾರೆ. ಶಕುಂತಲೆಯ ಕಥೆಯನ್ನು ಓದಿ ಕಣ್ಣೀರಿಟ್ಟವರು ಈ ಕುವೇಣಿಯ ಕಥೆಯನ್ನೂ ಓದಬೇಕು. ಇಲ್ಲಿ ಉಂಗುರವೂ ಇಲ್ಲ, ಪುನಸ್ಸಮಾಗಮವೂ ಇಲ್ಲ.

ಇಷ್ಟರವರೆಗಿನ ಕಥೆಯನ್ನು ಸಿಂಹಳ ದೇಶದ ಮಕ್ಕಳೆಲ್ಲರೂ ಬಲ್ಲರು. ಅದರ ಮುಂದಿನ ಭಾಗವನ್ನು ಅಷ್ಟು ಗಟ್ಟಿಯಾಗಿ ಹೇಳುವವರು ಕಡಿಮೆ. ಕ್ಷತ್ರಿಯ ಕನ್ಯೆಗಾಗಿ ವಿಜಯನು ಯಾರಲ್ಲಿಗೆ ದೂತರನ್ನು ಕಳುಹಿಸಿದನು? ವಂಗಕ್ಕಲ್ಲ, ಕಳಿಂಗಕ್ಕಲ್ಲ, ದಕ್ಷಿಣದ ಮಧುರೆಯ ಪಾಂಡ್ಯರಾಜನ ಬಳಿಗೆ. ಪಾಂಡ್ಯನು ತನ್ನ ಮಗಳನ್ನೂ, ವಿಜಯನ ಏಳುನೂರು ಮಂದಿ ಅನುಚರರಿಗಾಗಿ ಕನ್ಯೆಯರನ್ನೂ, ಅವರೊಡನೆ ಹದಿನೆಂಟು ಶ್ರೇಣಿಗಳಿಗೆ ಸೇರಿದ ಕುಶಲಕರ್ಮಿಗಳ ಒಂದು ಸಾವಿರ ಕುಟುಂಬಗಳನ್ನೂ ಕಳುಹಿಸಿಕೊಟ್ಟನೆಂದು ಮಹಾವಂಸವೇ ಹೇಳುತ್ತದೆ. ಕಥೆ ಅಕ್ಷರಶಃ ನಿಜವೆಂದು ಯಾರೂ ನಂಬಬೇಕಾಗಿಲ್ಲ. ಸಿಂಹದ ಮೊಮ್ಮಗನ ಕಥೆಯನ್ನು ಹಾಗೆ ನಂಬುವುದೂ ಕಷ್ಟ. ಆದರೆ ಹದಿನೈದು ಶತಮಾನಗಳ ಹಿಂದೆ ಅನುರಾಧಪುರದ ವಿಹಾರದಲ್ಲಿ ಕುಳಿತು ಬರೆದ ಭಿಕ್ಷುವಿಗೆ ತನ್ನ ಜನರ ತಂದೆಯರು ಉತ್ತರದವರು, ತಾಯಂದಿರು ಪಾಂಡ್ಯನಾಡಿನವರು, ನೇಯುವವನೂ ಮಡಕೆ ಮಾಡುವವನೂ ಆಚೆಯ ತೀರದಿಂದ ಬಂದವರು ಎಂದು ಹೇಳಲು ಯಾವ ಸಂಕೋಚವೂ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶುದ್ಧರಕ್ತದ ಅಭಿಮಾನಿಗಳು ಮಹಾವಂಸವನ್ನು ಪ್ರಮಾಣವಾಗಿ ಹಿಡಿಯುವುದಾದರೆ ಏಳನೆಯ ಪರಿಚ್ಛೇದವನ್ನು ಪೂರ್ತಿಯಾಗಿ ಓದಬೇಕು.

ಕಥೆಯನ್ನು ಬಿಟ್ಟು ಕಲ್ಲಿನ ಸಾಕ್ಷಿಗೆ ಬಂದರೆ, ಕ್ರಿ. ಪೂ. ಮೂರನೆಯ ಶತಮಾನದಿಂದ ಮುಂದಕ್ಕೆ ದ್ವೀಪದ ಗುಹೆಗಳಲ್ಲಿ ಬ್ರಾಹ್ಮೀಲಿಪಿಯ ಚಿಕ್ಕ ಚಿಕ್ಕ ಶಾಸನಗಳು ಸಾವಿರಕ್ಕೂ ಮೇಲ್ಪಟ್ಟು ದೊರೆತಿವೆ. ಭಿಕ್ಷುಸಂಘಕ್ಕೆ ಗುಹೆಯನ್ನು ದಾನವಿತ್ತವರ ಹೆಸರುಗಳು ಇವುಗಳಲ್ಲಿವೆ. ಭಾಷೆ ಪ್ರಾಕೃತ. ಅನುರಾಧಪುರದ ಇಂತಹ ಒಂದು ಶಾಸನದಲ್ಲಿ ‘ದಮೇಡ’ ಗೃಹಪತಿಗಳ, ಅಂದರೆ ತಮಿಳು ಗೃಹಸ್ಥರ, ಪ್ರಾಸಾದದ ಉಲ್ಲೇಖವಿದ್ದು, ಅದನ್ನು ಕಟ್ಟಿಸಿದವನೂ ಅವರಲ್ಲೊಬ್ಬನೇ. ಇವನೂ ತನ್ನ ಮಾತನ್ನು ಬರೆಯಿಸಿದುದು ಪ್ರಾಕೃತದಲ್ಲಿಯೇ. ಈ ಪ್ರಾಕೃತವೇ ಕಾಲಕ್ರಮದಲ್ಲಿ ಮಾರ್ಪಟ್ಟು ಸಿಂಹಳವಾಯಿತು. ‘ಸೀಹಳ’ ಎಂಬ ಪ್ರಾಕೃತರೂಪವೇ ಸವೆದು ‘ಹೆಳ’ ಎಂದೂ ‘ಎಳು’ ಎಂದೂ ಆಯಿತೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿರುವರು.

ಸಂಸ್ಕೃತವನ್ನು ಬಲ್ಲವರಿಗೆ ಈ ಭಾಷೆಯ ಮಾತುಗಳನ್ನು ಬಿಡಿಸುವುದು ಒಂದು ವಿನೋದ. ಅಲ್ಲಿ ಹಸ್ತವು ‘ಅತ’ ಆಗಿದೆ, ಗ್ರಾಮವು ‘ಗಮ’, ನಗರವು ‘ನುವರ’, ಧರ್ಮವು ‘ದಹಮ್’, ಬುದ್ಧನು ‘ಬುದು’, ಭಾಷೆಯು ‘ಬಸ’. ಕೆರೆಯನ್ನು ‘ವೆವ’ ಎನ್ನುವರು. ಅದು ವಾಪಿಯೆಂಬ ಶಬ್ದವೇ. ಅದರ ಮೊದಲ ಸ್ವರವನ್ನು ಕನ್ನಡದಲ್ಲಿ ಬರೆದು ತೋರಿಸಲಾಗದು. ‘ಬ್ಯಾಂಕು’ ಎನ್ನುವಾಗ ಬಾಯಿಗೆ ಬರುವ ಸ್ವರವದು, ಸಿಂಹಳರು ಅದಕ್ಕೆ ಬೇರೆ ಅಕ್ಷರವನ್ನೇ ಇಟ್ಟುಕೊಂಡಿದ್ದಾರೆ. ಹೀಗೆ ಮೈ ಆರ್ಯಭಾಷೆಯದಾದರೂ ನಡಿಗೆ ಹಾಗಿಲ್ಲ. ಅಚ್ಚ ಸಿಂಹಳದಲ್ಲಿ ಮಹಾಪ್ರಾಣಗಳಿಲ್ಲ. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎಕಾರ ಒಕಾರಗಳು ಕನ್ನಡದಲ್ಲಿರುವಂತೆ ಅಲ್ಲಿಯೂ ಇವೆ. ‘ನಿನ್ನೆ ಬಂದ ಮನುಷ್ಯ’ ಎಂಬುದಕ್ಕೆ ಸಿಂಹಳನು ‘ಈಯೇ ಆಪು ಮಿನಿಹಾ’ ಎನ್ನುತ್ತಾನೆ. ಹ್ಯಃ ಎಂಬುದು ‘ಈಯೇ’ ಆಯಿತು, ಮನುಷ್ಯನು ‘ಮಿನಿಹಾ’ ಆದನು. ಆದರೆ ಪದಗಳ ಕ್ರಮವು ಕನ್ನಡದ್ದೇ, ತಮಿಳಿನದೇ. ‘ಯಾವನು ನಿನ್ನೆ ಬಂದನೋ ಅವನು’ ಎಂಬ ಸಂಸ್ಕೃತದ ಜಾಡು ಮಾತಿನಲ್ಲಿ ಉಳಿದಿಲ್ಲ. ಮನೆಯೊಳಗೆ ಹೋದರೆ ತಾಯಿ ‘ಅಮ್ಮಾ’, ಹಿರಿಯ ಸೋದರಿ ‘ಅಕ್ಕಾ’, ಹಿರಿಯ ಸೋದರ ‘ಅಯ್ಯಾ’. ವಿಜಯನ ಜನರು ಮಧುರೆಯಿಂದ ಸೊಸೆಯರನ್ನು ತಂದರೆಂಬ ಕಥೆಗೆ ಮನೆಮಾತಿನ ಈ ಸಾಕ್ಷಿಗಿಂತ ಬಲವಾದುದು ಬೇಕಿಲ್ಲ.

ಕನ್ನಡ ವಾಚಕರಿಗೆ ವಿಶೇಷ ಸಂತೋಷವನ್ನು ಕೊಡತಕ್ಕ ಒಂದು ಸಂಗತಿಯುಂಟು. ಸಿಂಹಳದಲ್ಲಿ ದೊರೆತಿರುವ ಅತಿ ಹಳೆಯ ಅಲಂಕಾರಗ್ರಂಥದ ಹೆಸರು ‘ಸಿಯಬಸ್ ಲಕರ’. ‘ಸಿಯ’ ಎಂದರೆ ತನ್ನ, ‘ಬಸ್’ ಎಂದರೆ ಭಾಷೆ, ‘ಲಕರ’ ಎಂದರೆ ಅಲಂಕಾರ; ಸ್ವಭಾಷಾಲಂಕಾರವೆಂದು ಅರ್ಥ. ಇದು ಕಾಂಚಿಯ ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿ ಹೊರಟ ಗ್ರಂಥ. ಇದನ್ನು ರಚಿಸಿದವನು ಸಲಮೆವನ್ ಎಂಬ ಬಿರುದಿನ ಅರಸನು. ಇವನು ಒಂಬತ್ತನೆಯ ಶತಮಾನದ ಮೊದಲನೆಯ ಸೇನನೇ (೮೩೩–೮೫೩) ಎಂದು ಹಲವು ವಿದ್ವಾಂಸರ ಮತ. ಅದೇ ಶತಮಾನದಲ್ಲಿ, ಅದೇ ದಂಡಿಯನ್ನು ಮುಂದಿಟ್ಟುಕೊಂಡು, ಮಾನ್ಯಖೇಟದ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿತು. ಒಂದು ದಿಕ್ಕಿನಲ್ಲಿ ಜೈನರ ಆಶ್ರಯ, ಇನ್ನೊಂದರಲ್ಲಿ ಬೌದ್ಧರ ಆಶ್ರಯ. ಇಬ್ಬರ ನಡುವೆ ಸಮುದ್ರ. ಆದರೂ ಸಂಸ್ಕೃತದ ಶಾಸ್ತ್ರವನ್ನು ತಮ್ಮ ನುಡಿಗೆ ತಂದು, ಇದರಲ್ಲಿಯೂ ಕಾವ್ಯ ಸಾಧ್ಯವೆಂದು ತೋರಿಸಬೇಕೆಂಬ ಹಂಬಲ ಎರಡು ಕಡೆಯಲ್ಲಿಯೂ ಒಂದೇ. ಪದ್ಯದಲ್ಲಿ ಬುದ್ಧಚರಿತವನ್ನೇ ಹೇಳಬೇಕೆಂದು ಸಿಂಹಳದ ಆಲಂಕಾರಿಕನು ವಿಧಿಸಿದುದು ಮಾತ್ರ ಅವನದೇ ಆದ ವಿಶೇಷ. ಕವಿರಾಜಮಾರ್ಗಕಾರನು ಕವಿಗಳಿಗೆ ಅಂತಹ ಬೇಲಿ ಹಾಕಲಿಲ್ಲ.

ಸಂಸ್ಕೃತದ ‘ಜಾನಕೀಹರಣ’ದ ಕಥೆಯೂ ಇಲ್ಲಿ ಹೇಳತಕ್ಕದ್ದೇ. ಈ ಮಹಾಕಾವ್ಯವನ್ನು ರಚಿಸಿದ ಕುಮಾರದಾಸನು ಸಿಂಹಳದ ಅರಸನೇ ಆಗಿದ್ದನೆಂದು ಆ ನಾಡಿನ ಸಂಪ್ರದಾಯ. ಮೂಲಗ್ರಂಥವು ಬಹುಕಾಲ ಕಣ್ಮರೆಯಾಗಿದ್ದಿತು. ಉಳಿದುದು ಅದರ ಪದಪದಕ್ಕೂ ಅರ್ಥ ಬರೆದ ಸಿಂಹಳ ಟೀಕೆ ಮಾತ್ರ. ಧರ್ಮಾರಾಮ ಸ್ಥವಿರರೆಂಬ ವಿದ್ವಾಂಸರು ಆ ಟೀಕೆಯಲ್ಲಿ ಚದರಿದ್ದ ಸಂಸ್ಕೃತ ಪದಗಳನ್ನು ಹೆಕ್ಕಿ, ಛಂದಸ್ಸಿಗೆ ಹೊಂದಿಸಿ, ಶ್ಲೋಕಗಳನ್ನು ಮತ್ತೆ ಕಟ್ಟಿ ೧೮೯೧ರಲ್ಲಿ ಪ್ರಕಟಿಸಿದರು. ಮುಂದೆ ದಕ್ಷಿಣ ಭಾರತದಲ್ಲಿ ಮೂಲದ ಓಲೆಪ್ರತಿಗಳು ಸಿಕ್ಕಿದವು. ರಾಮಕಥೆಯನ್ನು ಬೌದ್ಧ ಭಿಕ್ಷುವೊಬ್ಬನು ಹೀಗೆ ಬದುಕಿಸಿದನೆಂದರೆ ಪಾಠಶಾಲೆಯ ಹಳಬರು ನಂಬಲಾರರು; ಆದರೆ ನಡೆದುದು ಹಾಗೆಯೇ.

ಭಾಷೆಯಷ್ಟೇ ಮುಖ್ಯವಾದುದು ಧರ್ಮ. ದೇವಾನಾಂಪ್ರಿಯ ತಿಸ್ಸನ ಕಾಲದಲ್ಲಿ, ಕ್ರಿ. ಪೂ. ಮೂರನೆಯ ಶತಮಾನದ ಮಧ್ಯದಲ್ಲಿ, ಅಶೋಕನ ಮಗ ಮಹೇಂದ್ರನು ಮಿಹಿಂತಲೆಯ ಬೆಟ್ಟದ ಮೇಲೆ ಅರಸನಿಗೆ ಧರ್ಮೋಪದೇಶ ಮಾಡಿದುದೂ, ಸಂಘಮಿತ್ರೆಯು ಬೋಧಿವೃಕ್ಷದ ಕೊಂಬೆಯನ್ನು ತಂದು ಅನುರಾಧಪುರದಲ್ಲಿ ನೆಡಿಸಿದುದೂ ಪ್ರಸಿದ್ಧ. ಕ್ರಿ. ಪೂ. ಒಂದನೆಯ ಶತಮಾನದಲ್ಲಿ, ಅದುವರೆಗೆ ಬಾಯಿಪಾಠದಲ್ಲಿದ್ದ ತ್ರಿಪಿಟಕವನ್ನು ಮೊತ್ತಮೊದಲು ಓಲೆಗೆ ಏರಿಸಿದುದು ಈ ದ್ವೀಪದ ಆಲುವಿಹಾರದಲ್ಲಿ. ಬೌದ್ಧಧರ್ಮವು ಹುಟ್ಟಿದ ನೆಲದಲ್ಲಿ ಕ್ಷೀಣಿಸಿದ ಮೇಲೂ ಅದರ ಗ್ರಂಥಗಳನ್ನು ಕಾಪಾಡಿದ ಪುಣ್ಯ ಸಿಂಹಳರದು. ಅವರ ವಂಶಗ್ರಂಥಗಳ ಉಪಕಾರವು ಭಾರತದ ಚರಿತ್ರೆಗೂ ಉಂಟು. ಶಾಸನಗಳಲ್ಲಿ ಕಂಡುಬರುವ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಯಾರೆಂದು ತಿಳಿಯದೆ ಪಂಡಿತರು ತೊಳಲುತ್ತಿದ್ದಾಗ, ಅವನು ಅಶೋಕನೇ ಎಂದು ೧೮೩೭ರಲ್ಲಿ ಟರ್ನರನು ತೋರಿಸಿಕೊಟ್ಟುದು ದ್ವೀಪದ ಪಾಳೀ ಗ್ರಂಥಗಳ ಆಧಾರದಿಂದ. ಈ ನಿರ್ಣಯಕ್ಕೆ ಕಲ್ಲಿನ ಮುದ್ರೆ ಬಿದ್ದುದು ೧೯೧೫ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನೆಂಬ ಹೆಸರನ್ನೇ ಹೊತ್ತ ಶಾಸನವು ದೊರೆತಾಗ. ಸಿಂಹಳದ ಭಿಕ್ಷುಗಳು ಹೇಳಿದ ಮಾತಿಗೆ ಕನ್ನಡ ನಾಡಿನ ಬಂಡೆ ಸಾಕ್ಷಿ ನುಡಿಯಿತು.

ಆದರೆ ಧರ್ಮವನ್ನು ಕಾಪಾಡಿದವರು ಅದರೊಡನೆ ಒಂದು ಗರ್ವವನ್ನೂ ಬೆಳೆಯಿಸಿಕೊಂಡರು. ಇದನ್ನು ಮಹಾವಂಸದ ಎಳಾರ ದುಟ್ಠಗಾಮಣಿಗಳ ಪ್ರಸಂಗದಲ್ಲಿ ಕಾಣಬಹುದು. ಎಳಾರನು ಚೋಳದೇಶದಿಂದ ಬಂದು ಅನುರಾಧಪುರವನ್ನು ನಲವತ್ತನಾಲ್ಕು ವರ್ಷ ಆಳಿದವನು. ಅವನ ಹಾಸಿಗೆಯ ತಲೆದೆಸೆಯಲ್ಲಿ ಗಂಟೆಯೊಂದು ತೂಗುತ್ತಿದ್ದಿತು. ನ್ಯಾಯ ಬೇಡುವವರು ಅದರ ಹಗ್ಗವನ್ನೆಳೆದರೆ ಸಾಕು. ಅರಸನ ಮಗನ ರಥದ ಚಕ್ರಕ್ಕೆ ಸಿಕ್ಕಿ ಕರುವೊಂದು ಸತ್ತಾಗ ಹಸುವು ಬಂದು ಗಂಟೆಯನ್ನೆಳೆಯಿತಂತೆ. ಎಳಾರನು ಅದೇ ಚಕ್ರದಿಂದ ಮಗನ ತಲೆಯನ್ನು ಕತ್ತರಿಸಿದನಂತೆ. ತಮಿಳರು ಮನುನೀತಿ ಚೋಳನ ವಿಷಯದಲ್ಲಿ ಹೇಳುವ ಕಥೆಯೂ ಇದೇ. ಅನ್ಯಮತದ, ಅನ್ಯದೇಶದ ಅರಸನನ್ನು ಬೌದ್ಧ ಭಿಕ್ಷುವು ಇಷ್ಟು ಹೊಗಳಿದುದು ಸಾಮಾನ್ಯವಲ್ಲ. ದುಟ್ಠಗಾಮಣಿಯು ರೋಹಣದಿಂದ ದಂಡೆತ್ತಿ ಬಂದು, ನಗರದ ದಕ್ಷಿಣ ದ್ವಾರದ ಬಳಿ ದ್ವಂದ್ವಯುದ್ಧದಲ್ಲಿ ಮುದುಕನಾದ ಎಳಾರನನ್ನು ಕೊಂದನು. ಕೊಂದ ಬಳಿಕ ಅವನ ದೇಹವನ್ನು ಗೌರವದಿಂದ ಸಂಸ್ಕಾರ ಮಾಡಿಸಿ, ಅಲ್ಲಿ ಚೈತ್ಯವನ್ನು ಕಟ್ಟಿಸಿ, ಅದಕ್ಕೆ ಪೂಜೆಯನ್ನು ಏರ್ಪಡಿಸಿದನು. ಅರಸರು ಆ ಸ್ಥಳದ ಬಳಿಗೆ ಬಂದಾಗ ವಾದ್ಯಗಳನ್ನು ನಿಲ್ಲಿಸುವ ಪದ್ಧತಿಯು ತನ್ನ ಕಾಲದವರೆಗೂ ನಡೆದು ಬಂದಿದೆಯೆಂದು ಮಹಾನಾಮನು ಬರೆಯುತ್ತಾನೆ.

ಇಲ್ಲಿಗೇ ನಿಂತಿದ್ದರೆ ಇದಕ್ಕಿಂತ ಉದಾತ್ತವಾದ ಕಥೆ ಯಾವ ದೇಶದ ಚರಿತ್ರೆಯಲ್ಲಿಯೂ ವಿರಳವೆಂದು ಹೇಳಬಹುದಾಗಿತ್ತು. ಆದರೆ ಗೆದ್ದ ಅರಸನಿಗೆ ಸತ್ತವರ ನೆನಪಿನಿಂದ ನಿದ್ರೆ ಬಾರದೆ ಹೋಗಲು, ಎಂಟು ಮಂದಿ ಅರ್ಹಂತರು ಬಂದು ಸಮಾಧಾನ ಹೇಳುತ್ತಾರೆ: ನೀನು ಕೊಂದವರಲ್ಲಿ ಮನುಷ್ಯರೆಂದು ಎಣಿಸತಕ್ಕವರು ಒಂದೂವರೆ ಮಂದಿ ಮಾತ್ರ. ತ್ರಿಶರಣವನ್ನು ಹೊಂದಿದವನೊಬ್ಬ, ಪಂಚಶೀಲವನ್ನೂ ಹಿಡಿದವನೊಬ್ಬ. ಉಳಿದವರು ಪಶುಗಳಂತೆ ಎಂದು. ಇರುವೆಯನ್ನೂ ನೋಯಿಸಬಾರದೆಂದ ಗುರುವಿನ ಹೆಸರಿನಲ್ಲಿ ಇಂತಹ ಮಾತು ಹೇಗೆ ಬಂದಿತು? ಮಹಾನಾಮನ ಕಾಲಕ್ಕೆ ಸ್ವಲ್ಪ ಮುಂಚೆ ಇಪ್ಪತ್ತೈದು ವರ್ಷಗಳಿಗೂ ಹೆಚ್ಚಾಗಿ ತಮಿಳು ಅರಸರು ಅನುರಾಧಪುರವನ್ನು ಆಳಿ, ಧಾತುಸೇನನು (೪೫೫–೪೭೩) ಅವರನ್ನು ಹೊರಡಿಸಿದ್ದನು. ಆರುನೂರು ವರ್ಷಗಳ ಹಿಂದಿನ ಯುದ್ಧವನ್ನು ವರ್ಣಿಸುವಾಗ ಕವಿಯ ಕಣ್ಣ ಮುಂದೆ ಇದ್ದುದು ನಿನ್ನೆಯ ಯುದ್ಧವಾಗಿರಬೇಕು. ಕಾರಣವೇನೇ ಇರಲಿ, ಗಂಟೆಯ ಕಥೆಯೂ ಒಂದೂವರೆ ಮಂದಿಯ ಮಾತೂ ಒಂದೇ ಗ್ರಂಥದಲ್ಲಿ, ಕೆಲವೇ ಪತ್ರಗಳ ಅಂತರದಲ್ಲಿ ಇವೆ. ಯಾವ ಕಾಲದವರು ಯಾವುದನ್ನು ಎತ್ತಿ ಓದಿದರೆಂಬುದೇ ಸಿಂಹಳರ ಮುಂದಿನ ಚರಿತ್ರೆ.

ಸಿಂಹಳರ ಕೈಕೆಲಸವನ್ನು ನೋಡಬೇಕಾದರೆ ಅವರ ಕೆರೆಗಳನ್ನು ನೋಡಬೇಕು. ಮಹಾಸೇನನ ಮಿನ್ನೇರಿಯ, ಧಾತುಸೇನನ ಕಲಾವೆವ, ಪರಾಕ್ರಮಬಾಹುವಿನ ಸಮುದ್ರ ಇವು ಮಳೆ ಕಡಿಮೆಯಾದ ಉತ್ತರದ ಬಯಲನ್ನು ಗದ್ದೆಯಾಗಿ ಮಾಡಿದವು. ಕಲಾವೆವದಿಂದ ಅನುರಾಧಪುರಕ್ಕೆ ನೀರೊಯ್ಯುವ ಕಾಲುವೆಯು ಐವತ್ತಕ್ಕೂ ಹೆಚ್ಚು ಮೈಲಿ ಉದ್ದವಾಗಿದ್ದು, ಅದರ ಮೊದಲ ಭಾಗದಲ್ಲಿ ಮೈಲಿಗೆ ಕೆಲವೇ ಅಂಗುಲಗಳ ಇಳಿಜಾರಿನಲ್ಲಿ ಹರಿಯುತ್ತದೆ. ದೊಡ್ಡ ಕೆರೆಯ ನೀರಿನ ಒತ್ತಡವನ್ನು ತಡೆದು ಬೇಕಾದಷ್ಟೇ ಹೊರಬಿಡಲು ಏರಿಯೊಳಗೆ ‘ಬಿಸೋಕೊಟುವ’ ಎಂಬ ಚೌಕವಾದ ಕಲ್ಲಿನ ಬಾವಿಯನ್ನು ಕಟ್ಟುತ್ತಿದ್ದರು. ತೂಬಿನ ಕೆಲಸವನ್ನು ಬಲ್ಲ ಕನ್ನಡ ನಾಡಿನ ರೈತರು ಇದನ್ನು ಕಂಡರೆ ಮೆಚ್ಚದೆ ಇರರು.

ಕ್ರಿ. ಶ. ೯೯೩ರಲ್ಲಿ ರಾಜರಾಜ ಚೋಳನ ಸೈನ್ಯವು ಬಂದು ಅನುರಾಧಪುರದ ವೈಭವ ಮುಗಿಯಿತು. ಅದಕ್ಕೆ ಮುಂಚೆಯೇ ಐದನೆಯ ಮಹಿಂದನು ಸೈನಿಕರಿಗೆ ಸಂಬಳ ಕೊಡಲಾರದೆ ರಾಜಧಾನಿಯನ್ನು ಬಿಟ್ಟು ಓಡಿದ್ದನು. ಕೇರಳರೂ ‘ಕನ್ನಾಟ’ರೂ ನಾಡಿನ ಭಾಗಗಳಲ್ಲಿ ಮನಬಂದಂತೆ ಅಧಿಕಾರ ನಡೆಸಿದರೆಂದು ಮಹಾವಂಸದ ಮುಂದುವರಿಕೆಯಾದ ಚೂಳವಂಸವು ಹೇಳುತ್ತದೆ. ಸಂಬಳಕ್ಕಾಗಿ ಕತ್ತಿ ಹಿಡಿದು ಕಡಲು ದಾಟಿದ ಕನ್ನಡಿಗರ ಈ ಉಲ್ಲೇಖವು ಅಷ್ಟೇನೂ ಕೀರ್ತಿಕರವಾದುದಲ್ಲ; ಆದರೂ ಮರೆಯತಕ್ಕದ್ದಲ್ಲ. ೧೦೭೦ರಲ್ಲಿ ಚೋಳರನ್ನು ಓಡಿಸಿದ ಮೊದಲನೆಯ ವಿಜಯಬಾಹುವು ಕನ್ನಾಟರಾಜನಿಗೆ, ಎಂದರೆ ಕಲ್ಯಾಣದ ಚಾಳುಕ್ಯನಿಗೆ, ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದನು. ಚೋಳರು ದಾರಿಯಲ್ಲಿ ಅವರನ್ನು ಹಿಡಿದು ಕಿವಿಮೂಗುಗಳನ್ನು ಕೊಯ್ದರು. ಇನ್ನು ವ್ಯಾಪಾರಿಗಳ ವಿಷಯ: ಐಹೊಳೆಯ ಐನೂರ್ವರ ಹೆಸರನ್ನು ಹೊತ್ತ ತಮಿಳು ಶಾಸನಗಳು ಪದವಿಯ, ವಾಹಲ್ಕಡ ಮೊದಲಾದ ಸ್ಥಳಗಳಲ್ಲಿ ಸಿಕ್ಕಿವೆ.

ಪೊಳೊನ್ನರುವದ ಒಂದು ಶಾಸನವಂತೂ ಈಚಿನ ಅಭಿಮಾನಿಗಳ ಬಾಯಿ ಕಟ್ಟಿಸತಕ್ಕದ್ದು. ಬುದ್ಧನ ದಂತಧಾತುವೆಂಬುದು ಸಿಂಹಳರ ಪರಮನಿಧಿ. ಅದು ಯಾರ ಕೈಯಲ್ಲಿದೆಯೋ ಅವನೇ ದೊರೆಯೆಂದು ಅವರ ನಂಬಿಕೆ. ವಿಜಯಬಾಹುವಿನ ಕಾಲದಲ್ಲಿ ಆ ದಂತಕ್ಕಾಗಿ ಕಟ್ಟಿದ ಮಂದಿರವನ್ನು ಪ್ರಾಣವಿರುವವರೆಗೂ ಕಾಯುವೆವೆಂದು ಪ್ರತಿಜ್ಞೆ ಮಾಡಿದವರು ವೇಳೈಕ್ಕಾರರೆಂಬ ತಮಿಳು ಸೈನಿಕರು. ಅವರ ಪಡೆಯಲ್ಲಿ ವಡುಗರೂ ಮಲೆಯಾಳರೂ ಇದ್ದರು. ಪ್ರತಿಜ್ಞೆಯನ್ನು ಕೆತ್ತಿಸಿದುದು ತಮಿಳಿನಲ್ಲಿ. ಅವರನ್ನು ಕರೆದು ಕೆಲಸವನ್ನೊಪ್ಪಿಸಿದವನು ಮಹಾಸ್ಥವಿರನು. ಸಿಂಹಳರಲ್ಲಿ ಅಗ್ರಗಣ್ಯನಾದ ಮಹಾಪರಾಕ್ರಮಬಾಹುವೂ (೧೧೫೩–೧೧೮೬) ತಂದೆಯ ಕಡೆಯಿಂದ ಪಾಂಡ್ಯ ರಾಜಕುಮಾರನೊಬ್ಬನ ಮೊಮ್ಮಗ. ವಿಜಯಬಾಹುವು ತನ್ನ ತಂಗಿ ಮಿತ್ತೆಯನ್ನು ಆ ಪಾಂಡ್ಯನಿಗೆ ಕೊಟ್ಟಿದ್ದನು.

೧೨೧೫ರಲ್ಲಿ ಕಳಿಂಗದ ಮಾಘನು ದಂಡೆತ್ತಿ ಬಂದು ವಿಹಾರಗಳನ್ನು ಹಾಳುಗೆಡವಿದ ಮೇಲೆ ಕೆರೆಗಳ ನಾಡು ಕಾಡಾಯಿತು. ಜನರು ಮಳೆಯ ಸೀಮೆಯಾದ ನೈರುತ್ಯಕ್ಕೆ ಸರಿದರು. ಅಂದಿನಿಂದ ದಂಬದೆಣಿಯ, ಗಂಪೊಳ, ಕೋಟ್ಟೆ ಹೀಗೆ ರಾಜಧಾನಿಗಳು ಬದಲಾಗುತ್ತ ಹೋದವು. ಸಾಹಿತ್ಯಕ್ಕೆ ಮಾತ್ರ ಅದೇ ಹೊನ್ನಿನ ಕಾಲ. ಮೇಘದೂತದ ಮಾದರಿಯಲ್ಲಿ ನವಿಲು, ಹಂಸ, ಕೋಗಿಲೆಗಳನ್ನು ದೂತರಾಗಿ ಕಳುಹಿಸುವ ಸಂದೇಶಕಾವ್ಯಗಳು ಹುಟ್ಟಿದವು. ಕೋಟ್ಟೆಯನ್ನು ಕಟ್ಟಿ ಯಾಪ್ಪಾಣದ ತಮಿಳ ಅರಸನನ್ನು ತಡೆದ ಅಳಗಕ್ಕೋನಾರರ ಮನೆತನವು ಕೇರಳದ ವಂಚಿಯಿಂದ ಬಂದುದು. ೧೩೪೪ರಲ್ಲಿ ಗಡಲಾದೆಣಿಯ ವಿಹಾರವನ್ನು ದ್ರಾವಿಡ ಶಿಲ್ಪದ ರೀತಿಯಲ್ಲಿ ಕಟ್ಟಿದವನು ಗಣೇಶ್ವರಾಚಾರಿ. ಕರಾವಳಿಯ ಕರಾವ, ಸಲಾಗಮ, ದುರಾವ ಜಾತಿಗಳ ಹಿರಿಯರು ಈ ಶತಮಾನಗಳಲ್ಲಿಯೂ ಮುಂದೆಯೂ ದಕ್ಷಿಣ ಭಾರತದಿಂದ ಬಂದು ನೆಲೆಸಿ ಸಿಂಹಳರಾದವರು. ಬಂದವರ ಮೊಮ್ಮಕ್ಕಳು ಸಿಂಹಳವನ್ನಾಡಿದರು, ವಿಹಾರಕ್ಕೆ ಹೂವು ಕೊಂಡೊಯ್ದರು, ಅಷ್ಟಕ್ಕೇ ಸಿಂಹಳರಾದರು. ಇನ್ನಾವ ಪರೀಕ್ಷೆಯನ್ನೂ ಅಂದಿನವರು ಕೇಳಿದಂತೆ ತೋರುವುದಿಲ್ಲ.

ಪೋರ್ತುಗೀಸರು ೧೫೦೫ರಲ್ಲಿ ಬಂದರು. ಅವರ ಮೇಲೆ ಡಚ್ಚರು, ಡಚ್ಚರ ಮೇಲೆ ಇಂಗ್ಲಿಷರು. ಕರಾವಳಿ ಅವರ ಪಾಲಾಯಿತು. ಬೆಟ್ಟಗಳ ನಡುವಣ ಮಹಾನುವರವು, ಎಂದರೆ ಕ್ಯಾಂಡಿಯು, ೧೮೧೫ರ ವರೆಗೆ ಸ್ವತಂತ್ರವಾಗಿ ಉಳಿಯಿತು. ಅಲ್ಲಿಯ ಅರಸರು ಮಧುರೆಯ ನಾಯಕ ಮನೆತನದಿಂದ ಹೆಣ್ಣು ತರುತ್ತಿದ್ದರು. ೧೭೩೯ರಲ್ಲಿ ನರೇಂದ್ರಸಿಂಹನು ಪಟ್ಟಕ್ಕೆ ಯೋಗ್ಯನಾದ ಮಗನಿಲ್ಲದೆ ತೀರಿಕೊಳ್ಳಲು, ಪಟ್ಟದ ರಾಣಿಯ ಸೋದರನೇ ಸಿಂಹಾಸನವನ್ನೇರಿದನು. ಹೀಗೆ ಸಿಂಹಳದ ಕೊನೆಯ ನಾಲ್ವರು ಅರಸರು ನಾಯಕರು. ಅವರಲ್ಲಿ ಎರಡನೆಯವನಾದ ಕೀರ್ತಿಶ್ರೀ ರಾಜಸಿಂಹನು (೧೭೪೭–೧೭೮೨) ವಿಭೂತಿ ಧರಿಸುತ್ತಾನೆಂದು ಗೊಣಗಿದವರಿದ್ದರು; ೧೭೬೦ರಲ್ಲಿ ಅವನನ್ನು ಕೊಲ್ಲಲು ಸಂಚೂ ನಡೆಯಿತು. ಆದರೆ ಸಿಂಹಳದಲ್ಲಿ ಕಡಿದುಹೋಗಿದ್ದ ಉಪಸಂಪದೆಯನ್ನು ೧೭೫೩ರಲ್ಲಿ ಸಯಾಮಿನಿಂದ ಭಿಕ್ಷುಗಳನ್ನು ಕರೆಸಿ ಮತ್ತೆ ನೆಲೆಗೊಳಿಸಿದವನು ಇವನೇ. ನಿಂತುಹೋಗಿದ್ದ ಮಹಾವಂಸದ ಕಥೆಯು ಮುಂದಕ್ಕೆ ಬೆಳೆದುದೂ ಇವನ ಆಶ್ರಯದಲ್ಲಿಯೇ. ಸಿಂಹಳರ ವಂಶಗ್ರಂಥವನ್ನು ತಮಿಳು ಬಲ್ಲ ಅರಸನು ಬರೆಯಿಸಿದನು.

೧೮೧೫ರ ಮಾರ್ಚಿ ೨ರಂದು ಮಹಾನುವರದ ಪ್ರಧಾನರು ಇಂಗ್ಲಿಷರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಆ ಅರಸುಮನೆತನವನ್ನು ‘ಮಲಬಾರ್’ ಕುಲವೆಂದು ಕರೆದು, ಅವರ ಹಕ್ಕು ಎಂದೆಂದಿಗೂ ರದ್ದಾಯಿತೆಂದು ಬರೆಯಿಸಲಾಯಿತು. ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹನು ವೆಲ್ಲೂರಿಗೆ ಸೆರೆಯಾಗಿ ಹೋಗಿ ೧೮೩೨ರಲ್ಲಿ ಅಲ್ಲಿಯೇ ಸತ್ತನು. ಒಪ್ಪಂದದ ಮಸಿ ಆರುವುದರೊಳಗಾಗಿ, ೧೮೧೭–೧೮ರಲ್ಲಿ, ಸಿಂಹಳರು ಇಂಗ್ಲಿಷರ ಮೇಲೆ ತಿರುಗಿ ಬಿದ್ದರು. ಆಗ ಅವರು ಅರಸನೆಂದು ಮುಂದಿಟ್ಟುಕೊಂಡುದು ಯಾರನ್ನು? ತಾನು ದೊರೆಸ್ವಾಮಿ, ಪದಚ್ಯುತನಾದ ನಾಯಕ ಅರಸನ ಬಂಧು ಎಂದು ಹೇಳಿಕೊಂಡ ವಿಲ್ಬಾವೆಯೆಂಬವನನ್ನು. ಅವನು ನಿಜವಾಗಿ ಸಿಂಹಳನು, ಹಿಂದೆ ಭಿಕ್ಷುವಾಗಿದ್ದವನು. ಜನರ ಮನಸ್ಸನ್ನು ಗೆಲ್ಲುವುದಕ್ಕೆ ಸಿಂಹಳನೊಬ್ಬನು ಮಧುರೆಯ ವೇಷ ಹಾಕಬೇಕಾಯಿತು! ಇನ್ನೂರು ವರ್ಷಗಳ ಹಿಂದೆ ಪರಿಸ್ಥಿತಿ ಹಾಗಿದ್ದಿತು.

ಇದು ಬದಲಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಯೂರೋಪಿನ ಪಂಡಿತರು ಭಾಷೆಗಳನ್ನು ಆರ್ಯ, ದ್ರಾವಿಡ ಎಂದು ವಿಂಗಡಿಸಿದರು. ಅದು ಶಾಸ್ತ್ರ, ಅದರಲ್ಲಿ ತಪ್ಪಿಲ್ಲ. ಆದರೆ ಭಾಷೆಯ ಕುಲವನ್ನೇ ಜನರ ಕುಲವೆಂದು ತಿಳಿದುದು ಭ್ರಾಂತಿ. ಜನಗಣತಿಯ ಪುಸ್ತಕಗಳಲ್ಲಿ ಕುಲಗಳ ಕೋಷ್ಟಕಗಳು ಬಂದವು. ಸಿಂಹಳನು ತಾನು ಆರ್ಯನೆಂದೂ ನೆರೆಯ ತಮಿಳನು ಬೇರೆಯೇ ಜಾತಿಯವನೆಂದೂ ಪಾಠಶಾಲೆಯಲ್ಲಿ ಕಲಿತನು. ಅನಾಗಾರಿಕ ಧರ್ಮಪಾಲರು (೧೮೬೪–೧೯೩೩) ಕುಗ್ಗಿದ್ದ ಬೌದ್ಧರಿಗೆ ಧೈರ್ಯ ತುಂಬಿದ ಮಹಾಪುರುಷರು. ಅವರ ಬರಹಗಳಲ್ಲಿಯೂ ಆರ್ಯಸಿಂಹಳವೆಂಬ ಮಾತು ಖಡ್ಗದಂತೆ ಹೊಳೆಯುವುದುಂಟು. ಇದಕ್ಕೆ ಪ್ರತಿಯಾಗಿ ಕುಮಾರತುಂಗ ಮುನಿದಾಸರು (೧೮೮೭–೧೯೪೪) ವಿಜಯನನ್ನೇ ತಳ್ಳಿಹಾಕಿ, ಹೆಳರು ದ್ವೀಪದ ಮೂಲಜನರೆಂದೂ ಸಂಸ್ಕೃತದ ಸೋಂಕಿಲ್ಲದ ಹೆಳಭಾಷೆಯೇ ಶುದ್ಧವೆಂದೂ ಸಾಧಿಸಹೊರಟರು. ಆಂಡಯ್ಯನ ಕಾವ್ಯವನ್ನು ಓದಿದವರಿಗೆ ಈ ಹಟವು ಹೊಸದಾಗಿ ಕಾಣದು. ೧೯೭೯ರಲ್ಲಿ ಆರ್. ಎ. ಎಲ್. ಎಚ್. ಗುಣವರ್ಧನರೆಂಬ ಸಿಂಹಳ ಇತಿಹಾಸಜ್ಞರೇ, ‘ಸಿಂಹಳ’ವೆಂಬ ಹೆಸರು ಮೊದಲು ಅರಸುಮನೆತನಕ್ಕೆ ಮಾತ್ರ ಸಲ್ಲುತ್ತಿದ್ದು ಕ್ರಮೇಣ ಜನರೆಲ್ಲರಿಗೂ ಹಬ್ಬಿತೆಂದು ವಾದಿಸಿದರು. ಕೆ. ಎನ್. ಓ. ಧರ್ಮದಾಸರು ಇದನ್ನು ಒಪ್ಪದೆ, ಭಾಷೆಯ ಆಧಾರದ ಮೇಲೆ ಜನಾಂಗದ ಐಕ್ಯವು ಪ್ರಾಚೀನವೇ ಎಂದು ಉತ್ತರ ಕೊಟ್ಟರು. ಗುಹೆಗಳ ಪ್ರಾಕೃತವನ್ನು ನೋಡಿದರೆ ಧರ್ಮದಾಸರ ಪಕ್ಷಕ್ಕೂ ಬಲವುಂಟು. ಆದರೆ ಭಾಷೆ ಪ್ರಾಚೀನವೆಂದ ಮಾತ್ರಕ್ಕೆ ರಕ್ತವು ಶುದ್ಧವೆಂದಾಗಲಾರದು.

ಒಂಬತ್ತನೆಯ ಶತಮಾನದ ಅರಸನು ಗ್ರಂಥಕ್ಕಿಟ್ಟ ಸ್ವಭಾಷೆಯೆಂಬ ಮಾತೇ ಇಪ್ಪತ್ತನೆಯ ಶತಮಾನದಲ್ಲಿ ರಾಜಕೀಯದ ಘೋಷಣೆಯಾಯಿತು. ೧೯೪೪ರಲ್ಲಿ ಶಾಸನಸಭೆಯು ಒಪ್ಪಿದ ನಿರ್ಣಯದಲ್ಲಿ ಇಂಗ್ಲಿಷಿನ ಸ್ಥಾನಕ್ಕೆ ಸಿಂಹಳ, ತಮಿಳು ಎರಡೂ ಬರಬೇಕೆಂದಿದ್ದಿತು. ದೇಶವು ೧೯೪೮ರಲ್ಲಿ ಸ್ವತಂತ್ರವಾಯಿತು. ೧೯೫೬ರಲ್ಲಿ ಸಿಂಹಳವೊಂದೇ ರಾಜಭಾಷೆಯೆಂದು ಕಾಯಿದೆಯಾಯಿತು; ತಮಿಳಿಗೆ ಆ ಪದವಿ ಸಂವಿಧಾನದಲ್ಲಿ ದೊರೆತುದು ೧೯೮೭ರಲ್ಲಿ. ನಡುವಣ ಮೂವತ್ತೊಂದು ವರ್ಷಗಳಲ್ಲಿ ಆದುದನ್ನು ವಿಸ್ತರಿಸುವುದು ದುಃಖಕರ. ೧೯೮೧ರಲ್ಲಿ ಯಾಪ್ಪಾಣದ ಗ್ರಂಥಾಲಯವು ಬೆಂಕಿಗೆ ಆಹುತಿಯಾಗಿ ಸುಮಾರು ತೊಂಬತ್ತೇಳು ಸಾವಿರ ಪುಸ್ತಕಗಳೂ ಓಲೆಗರಿಗಳೂ ಬೂದಿಯಾದುವೆಂಬುದನ್ನು, ತ್ರಿಪಿಟಕವನ್ನು ಓಲೆಗೇರಿಸಿ ಉಳಿಸಿದ ದ್ವೀಪದಲ್ಲಿ ಇದು ನಡೆಯಿತೆಂಬುದನ್ನು ಸ್ಮರಿಸಿದರೆ ಸಾಕು.

ಅನುರಾಧಪುರದ ದಕ್ಷಿಣಕ್ಕೆ ಇಟ್ಟಿಗೆಯ ದೊಡ್ಡ ದಿಬ್ಬವೊಂದಿದೆ. ಅದು ಎಳಾರನ ಸಮಾಧಿಯೆಂದು ಜನರು ಬಹುಕಾಲ ನಂಬಿದ್ದರು. ೧೮೧೮ರ ದಂಗೆ ಅಡಗಿದ ಮೇಲೆ, ಅದರಲ್ಲಿ ಸೇರಿದ್ದ ಪಿಳಿಮತಲಾವೆಯೆಂಬ ಮಹಾನುವರದ ಹಿರಿಯ ಪ್ರಧಾನನು ತಪ್ಪಿಸಿಕೊಂಡು ಹೋಗುತ್ತ ಆ ದಾರಿಗೆ ಬಂದನು. ಬಳಲಿ ಕಾಲು ಸೋತಿದ್ದರೂ ಅವನು ಪಲ್ಲಕ್ಕಿಯಿಂದಿಳಿದನು. ಸಮಾಧಿ ಎಲ್ಲಿದೆಯೆಂದು ಸರಿಯಾಗಿ ತಿಳಿಯದುದರಿಂದ, ಅದು ಹಿಂದೆ ಬಹುದೂರ ಉಳಿಯಿತೆಂದು ಜೊತೆಯವರು ಹೇಳುವವರೆಗೂ ನಡೆದೇ ಹೋದನೆಂದು ಆ ಕಾಲದ ಇಂಗ್ಲಿಷ್ ಸೈನ್ಯಾಧಿಕಾರಿ ಫೋರ್ಬ್ಸನು ಬರೆದಿಟ್ಟಿರುವನು. ಎಳಾರನು ಸತ್ತು ಎರಡು ಸಾವಿರ ವರ್ಷಗಳಾಗಿದ್ದವು. ಹಿಂದೆ ಇಂಗ್ಲಿಷರ ಸೈನ್ಯ ಬರುತ್ತಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಪುರಾತತ್ತ್ವ ಇಲಾಖೆಯವರು ಆ ದಿಬ್ಬವನ್ನು ಅಗೆದು ನೋಡಿ, ಅದು ಎಳಾರನ ಸಮಾಧಿಯಲ್ಲ, ದಕ್ಷಿಣಸ್ತೂಪವೆಂದು ನಿರ್ಣಯಿಸಿದರು. ಈಗ ಅಲ್ಲಿಯ ಹೆಸರು ದಕ್ಷಿಣಸ್ತೂಪ. ಆ ದಾರಿಯಲ್ಲಿ ವಾಹನದಿಂದ ಇಳಿದು ನಡೆಯುವವರು ಇಲ್ಲ.